ಗುರುವಂದನೆ ಮುಗೀತು, ಶಾಮಿಯಾನ ಬಿಚ್ಚಾಯ್ತು: ಇಸ್ಕೂಲಿಗೆ ಉಳಿದದ್ದೇನು?

ನಂಜನಗೂಡು/ತಿ.ನರಸೀಪುರ: ಭಾನುವಾರ ಬೆಳಗ್ಗೆ ಹತ್ತು ಗಂಟೆ. ಶಾಲೆ ಗೇಟಿಗೆ ಬಾಳೆಕಂದು, ಮಾವಿನ ತೋರಣ. ರಸ್ತೆಗೆ ಕಾಣೋ ಹಾಗೆ ದೊಡ್ಡ ಫ್ಲೆಕ್ಸು. ಅದರ ಮೇಲೆ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’, ಕೆಳಗೆ ಎಸ್ಸೆಸ್ಸೆಲ್ಸಿ ಬ್ಯಾಚಿನ ಇಸವಿ. ಮೈಸೂರು, ಬೆಂಗಳೂರಿನಿಂದ ಬಂದ ಕಾರುಗಳು ಆಟದ ಮೈದಾನದ ತುಂಬ. ಎಂಬತ್ತು ದಾಟಿದ ಮೇಷ್ಟ್ರನ್ನ ಕೈಹಿಡಿದು ವೇದಿಕೆ ಹತ್ತಿಸ್ತಾರೆ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಯಾರಿಗೆ ಯಾವತ್ತು ಎಷ್ಟು ಏಟು ಬಿತ್ತು ಅನ್ನೋ ನೆನಪಿಗೆ ಎಲ್ಲರೂ ನಗ್ತಾರೆ, ಕೆಲವರು ಕಣ್ಣು ಒರೆಸಿಕೊಳ್ತಾರೆ. ಊಟ, ಗ್ರೂಪ್ ಫೋಟೊ, ಮತ್ತೆ ಸಿಗೋಣ ಅನ್ನೋ ಮಾತು. ಸಂಜೆ ಹೊತ್ತಿಗೆ ಶಾಮಿಯಾನದವರು ಬಂದು ಕಂಬ ಕೀಳ್ತಾರೆ.

ಸೋಮವಾರ ಬೆಳಗ್ಗೆ ಮುಖ್ಯ ಶಿಕ್ಷಕರು ಬೀಗ ತೆಗೆದರೆ ಶಾಲೆ ಶನಿವಾರ ಹೇಗಿತ್ತೋ ಹಾಗೇ ಇರುತ್ತದೆ. ಒಡೆದ ಹೆಂಚು ಒಡೆದೇ ಇದೆ. ನಲ್ಲಿ ತೊಟ್ಟಿಕ್ಕುತ್ತಲೇ ಇದೆ. ಹೆಚ್ಚೆಂದರೆ ಕಚೇರಿ ಗೋಡೆಗೆ ಒಂದು ಹೊಸ ಗಡಿಯಾರ ಬಂದಿರುತ್ತದೆ, ಅದರ ಮೇಲೆ ಬ್ಯಾಚಿನ ಹೆಸರು.

ಎರಡೂ ತಾಲ್ಲೂಕುಗಳಲ್ಲಿ ಇಂಥ ಕಾರ್ಯಕ್ರಮ ಈಗ ಅಪರೂಪವಲ್ಲ. ಬೇಸಿಗೆ ರಜೆ ಬಂದರೆ, ವರ್ಷದ ಕೊನೆ ಬಂದರೆ ಒಂದಲ್ಲ ಒಂದು ಊರಿನಲ್ಲಿ ಒಂದು ಬ್ಯಾಚು ಸೇರುತ್ತದೆ. ಇದು ಒಳ್ಳೆ ಬೆಳವಣಿಗೆಯೇ. ಆದರೆ ಹಳೆ ವಿದ್ಯಾರ್ಥಿಗಳ ಪ್ರೀತಿ ಹೆಚ್ಚುತ್ತಿರುವ ಕಾಲದಲ್ಲೇ ಅವರು ಕಲಿತ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗುತ್ತಿದೆ. ಈ ಎರಡು ಸಂಗತಿಗಳು ಒಂದೇ ಮೈದಾನದಲ್ಲಿದ್ದರೂ ಪರಸ್ಪರ ಮಾತಾಡುತ್ತಿಲ್ಲ.

ಈಗಲೇ ಯಾಕೆ ಇಷ್ಟೊಂದು ಗುರುವಂದನೆ?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಹಳ್ಳಿಯ ಸರ್ಕಾರಿ ಶಾಲೆ, ಪಟ್ಟಣದ ಜೂನಿಯರ್ ಕಾಲೇಜು ಅಂತ ಓದಿದವರಿಗೆ ಈಗ ನಲವತ್ತು, ಐವತ್ತರ ವಯಸ್ಸು. ಮಕ್ಕಳ ಓದು ಒಂದು ಹಂತಕ್ಕೆ ಬಂದಿದೆ, ಕೈಯಲ್ಲಿ ನಾಲ್ಕು ಕಾಸಿದೆ. ಕೆಲವರು ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಸೇರಿ ಅಲ್ಲೇ ನೆಲೆ ನಿಂತರು. ಕೆಲವರು ಪೊಲೀಸು, ಮೇಷ್ಟ್ರು, ಕೆಎಸ್‌ಆರ್‌ಟಿಸಿ ಅಂತ ನೌಕರಿ ಹಿಡಿದರು. ಕೆಲವರು ಊರಲ್ಲೇ ಅಂಗಡಿ ಇಟ್ಟರು, ಬಾಳೆ, ಭತ್ತ, ಕಬ್ಬು ಅಂತ ಬೇಸಾಯ ಮುಂದುವರಿಸಿದರು. ಇವರೆಲ್ಲರನ್ನೂ ಒಂದು ವಾಟ್ಸಾಪ್ ಗುಂಪು ಮತ್ತೆ ಒಂದೇ ಬೆಂಚಿನ ಮೇಲೆ ಕೂರಿಸಿತು. ಮೂವತ್ತು ವರ್ಷ ಮುಖ ನೋಡದವರು ದಿನಾ ಬೆಳಗ್ಗೆ ಶುಭೋದಯ ಹೇಳ್ತಾರೆ. ಮೇಷ್ಟ್ರು ಇನ್ನೂ ಇದ್ದಾರೆ ಅಂತ ಗೊತ್ತಾಗಿದ್ದೂ ಅಲ್ಲಿಂದಲೇ.

ಮೇಷ್ಟ್ರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಈ ಸೀಮೆಯಲ್ಲಿ ಒಬ್ಬ ಮೇಷ್ಟ್ರು ಏನು ಮಾಡಬಲ್ಲರು ಅನ್ನೋದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೇ ಇದೆ. ಸಿದ್ದರಾಮನಹುಂಡಿಯಲ್ಲಿ ವೀರಮಕ್ಕಳ ಕುಣಿತ ಕಲಿಯುತ್ತಿದ್ದ ಹುಡುಗನನ್ನು ರಾಜಪ್ಪ ಮೇಷ್ಟ್ರು ನೇರವಾಗಿ ಐದನೇ ತರಗತಿಗೆ ಸೇರಿಸಿಕೊಂಡರು. ಆ ಹುಡುಗ ಮುಂದೆ ವಕೀಲರಾಗಿ, ಎರಡು ಬಾರಿ ಮುಖ್ಯಮಂತ್ರಿಯಾದರು. ಸಿದ್ದರಾಮಯ್ಯ ಅವರೇ ಇದನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ವರುಣ ಕ್ಷೇತ್ರದೊಳಗೆ ನಂಜನಗೂಡು, ತಿ.ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಿವೆ. ಆ ಮೇಷ್ಟ್ರು ಮಾಡಿದ ಕೆಲಸಕ್ಕೆ ಖರ್ಚಾಗಿದ್ದು ದುಡ್ಡಲ್ಲ, ಗಮನ. ಆದರೆ ಅಂಥ ಮೇಷ್ಟ್ರು ಕೂರೋದಕ್ಕೆ ಊರಲ್ಲೊಂದು ಶಾಲೆ ಇತ್ತು ಅನ್ನೋದನ್ನೂ ಮರೆಯಬಾರದು.

ಮಕ್ಕಳು ಕಮ್ಮಿ, ಮೇಷ್ಟ್ರು ಕಮ್ಮಿ, ಮತ್ತೆ ಮಕ್ಕಳು ಕಮ್ಮಿ

ಸರ್ಕಾರಿ ಶಾಲೆ ಒಂದೇ ದಿನಕ್ಕೆ ಸೊರಗುವುದಿಲ್ಲ. ಅದಕ್ಕೊಂದು ಲೆಕ್ಕ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90 ಮಕ್ಕಳಿದ್ದರೆ ಮೂವರು. ಅಂದರೆ ಮಕ್ಕಳ ಸಂಖ್ಯೆ 60ಕ್ಕೆ ಇಳಿದರೆ ಐದು ತರಗತಿಗೆ ಇಬ್ಬರೇ ಮೇಷ್ಟ್ರು. ಅದರಲ್ಲಿ ಒಬ್ಬರು ಮೀಟಿಂಗು, ತರಬೇತಿ, ಬಿಸಿಯೂಟದ ಲೆಕ್ಕ ಅಂತ ಹೊರಟರೆ ಉಳಿದ ಒಬ್ಬರೇ ಐದೂ ತರಗತಿ ನೋಡಬೇಕು. ಇದನ್ನ ನೋಡಿದ ಅಪ್ಪ ಅಮ್ಮ ಸಾಲ ಮಾಡಿಯಾದರೂ ಮಗುವನ್ನ ವ್ಯಾನು ಹತ್ತಿಸ್ತಾರೆ. ಸಂಖ್ಯೆ ಇನ್ನಷ್ಟು ಇಳಿಯುತ್ತದೆ. ಮೇಷ್ಟ್ರನ್ನ ಬೇರೆ ಕಡೆಗೆ ಹಾಕ್ತಾರೆ. ತಿರುಗೋ ಗಾಣದ ಹಾಗೆ ಇದು ತಿರುಗುತ್ತಲೇ ಇರುತ್ತದೆ.

ವ್ಯಾನು ಹತ್ತಿಸುವ ಪೋಷಕರನ್ನ ಬೈದು ಪ್ರಯೋಜನ ಇಲ್ಲ. ಮೂರುವರೆ ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಬೇಕು ಅನ್ನೋ ಕಾಲ ಇದು. ಸರ್ಕಾರಿ ಶಾಲೆ ಬಾಗಿಲು ತೆರೆಯುತ್ತಿದ್ದದ್ದು ಒಂದನೇ ತರಗತಿಗೆ. ಅಷ್ಟರಲ್ಲಿ ಮಗು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಮುಗಿಸಿರುತ್ತದೆ, ಅಲ್ಲಿಂದ ಬಿಡಿಸಿ ತರೋರು ಯಾರು? ಇಂಗ್ಲಿಷ್ ಬೇಕು ಅನ್ನೋದು ಇನ್ನೊಂದು ಮಾತು. 2019-20ರಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು, ಆಮೇಲೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ನಡೆಸುತ್ತಿರುವುದು ಈ ಒತ್ತಡಕ್ಕೇ.

ಈಗ ಅದೇ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ‘ಮ್ಯಾಗ್ನೆಟ್ ಶಾಲೆ’ ಹೆಸರಿನಲ್ಲಿ ಬೆಳೆಸುವ ಯೋಜನೆಯ ಚರ್ಚೆ ನಡೆದಿದೆ. ಸುತ್ತಲಿನ ಕಡಿಮೆ ಮಕ್ಕಳಿರುವ ಶಾಲೆಗಳು ಇದರಿಂದ ಮುಚ್ಚುತ್ತವೆ ಎಂದು ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದಿವೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ಯಾರ ಮಾತು ಸರಿ ಅನ್ನೋದು ಮುಂದೆ ತಿಳಿಯುತ್ತದೆ. ಆದರೆ ಒಂದು ಮಾತು ಮಾತ್ರ ಈಗಲೇ ಖಚಿತ. ಪ್ರಶ್ನೆ ಬಂದಾಗ ಉಳಿಯುವುದು ಮಕ್ಕಳಿರುವ ಶಾಲೆ. ಹಳೆ ಫೋಟೊ, ಹಳೆ ಹೆಸರು, ನೂರು ವರ್ಷದ ಇತಿಹಾಸ ಇದ್ದರೂ ಮಕ್ಕಳಿಲ್ಲದ ಶಾಲೆಯ ಪರವಾಗಿ ವಾದ ಮಾಡುವುದು ಬಹಳ ಕಷ್ಟ.

ಇದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ನಾರಾಯಣಶಾಸ್ತ್ರಿ ರಸ್ತೆಯ ಎನ್‌ಟಿಎಂ ಶಾಲೆ 1881ರಷ್ಟು ಹಿಂದೆ ಹೆಣ್ಣುಮಕ್ಕಳಿಗಾಗಿ ಹುಟ್ಟಿದ ಶಾಲೆ. ಆ ಜಾಗದಲ್ಲಿ ವಿವೇಕ ಸ್ಮಾರಕ ಕಟ್ಟುವ ವಿಚಾರ ಬಂದಾಗ ಕನ್ನಡ ಹೋರಾಟಗಾರರು ವರ್ಷಗಟ್ಟಲೆ ಧರಣಿ ಕೂತರು, ಕೋರ್ಟು ಮೆಟ್ಟಿಲು ಹತ್ತಿದರು. ಕೊನೆಗೆ 2022ರಲ್ಲಿ ಕಟ್ಟಡ ನೆಲಸಮ ಆಯಿತು. ಸ್ಮಾರಕ ಬೇಕಿತ್ತೋ ಶಾಲೆ ಬೇಕಿತ್ತೋ ಅನ್ನೋ ವಾದದಲ್ಲಿ ಎರಡೂ ಕಡೆ ಜನ ಇದ್ದಾರೆ. ಆದರೆ ಹೋರಾಟ ಜೋರಾದ ಹೊತ್ತಿಗೆ ತರಗತಿಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟಿದ್ದರು. ಶಾಲೆ ಉಳಿಸುವ ಕೆಲಸ ಮಕ್ಕಳು ಇದ್ದಾಗಲೇ ಶುರುವಾಗಬೇಕು ಅನ್ನೋದು ಅಲ್ಲಿಂದ ಕಲಿಯಬಹುದಾದ ಪಾಠ.

ಒಂದು ದಿನದ ಖರ್ಚಿನ ಲೆಕ್ಕ

ಲೆಕ್ಕ ಹಾಕೋಕೆ ಸುಲಭ ಆಗಲಿ ಅಂತ ಒಂದು ಬ್ಯಾಚಿನಲ್ಲಿ ಅರವತ್ತು ಜನ ಇದ್ದಾರೆ, ತಲೆಗೆ ಎರಡು ಸಾವಿರ ಹಾಕಿದರು ಅಂದುಕೊಳ್ಳಿ. ಒಟ್ಟು 1.20 ಲಕ್ಷ ರೂಪಾಯಿ. ಶಾಮಿಯಾನ, ಮೈಕು, ಫ್ಲೆಕ್ಸು, ಊಟ, ಶಾಲು, ಪೇಟ, ಫಲಕ, ಫೋಟೊ, ವಿಡಿಯೊ ಅಂತ ಹೋದರೆ ಆ ದುಡ್ಡು ಆ ದಿನವೇ ಮುಗಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ, ಮದುವೆ ಮನೆ ಖರ್ಚಿನ ಹಾಗೆ ಇದೂ ಸಂತೋಷದ ಖರ್ಚು. ಊರಿನ ಶಾಮಿಯಾನದವರಿಗೆ, ಅಡುಗೆಯವರಿಗೆ, ಫೋಟೊ ಸ್ಟುಡಿಯೊದವರಿಗೆ ವ್ಯಾಪಾರವೂ ಆಯ್ತು.

ಆದರೆ ಅದೇ ಅರವತ್ತು ಜನ ತಿಂಗಳಿಗೆ ನೂರು ರೂಪಾಯಿ ಅಂತ ಬೇರೆಯಾಗಿ ತೆಗೆದಿಟ್ಟರೆ ತಿಂಗಳಿಗೆ ಆರು ಸಾವಿರ, ವರ್ಷಕ್ಕೆ 72 ಸಾವಿರ. ಎರಡು ಬ್ಯಾಚು ಕೈಜೋಡಿಸಿದರೆ 1.44 ಲಕ್ಷ. ಒಂದು ದಿನದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ಶಾಲೆಗೆ ಹೆಚ್ಚು ಉಪಯೋಗ. ಯಾಕೆಂದರೆ ಶಾಲೆಯ ಕಷ್ಟಗಳು ಸಣ್ಣವು, ದಿನಾ ಬರುವಂಥವು. ಶೌಚಾಲಯ ತೊಳೆಯೋಕೆ ಜನ ಬೇಕು. ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸಬೇಕು. ಸ್ಮಾರ್ಟ್ ಟಿವಿ ಬಂತು, ಇಂಟರ್‌ನೆಟ್ ರೀಚಾರ್ಜು ಯಾರು ಮಾಡಿಸಬೇಕು? ಕಂಪ್ಯೂಟರು ಕೊಟ್ಟವರ ಹೆಸರು ಪೆಟ್ಟಿಗೆ ಮೇಲಿದೆ, ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು. ಇಂಥ ಮಾತು ಎರಡೂ ತಾಲ್ಲೂಕಿನ ಯಾವ ಶಿಕ್ಷಕರ ಕೊಠಡಿಯಲ್ಲಿ ಕೂತರೂ ಕೇಳಿಸುತ್ತದೆ. ಕೊಡುಗೆ ಅಂದರೆ ಹೆಸರು ಬರೆಸಬಹುದಾದ ವಸ್ತು ಅನ್ನೋ ಅಭ್ಯಾಸ ಬೆಳೆದಿದೆ. ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸಬಹುದು, ಕರೆಂಟ್ ಬಿಲ್ಲಿನ ಮೇಲೆ ಆಗೋದಿಲ್ಲ.

ದುಡ್ಡು ಕೊಡೋಕೆ ದಾರಿ ಯಾವುದು?

ಹಳೆ ವಿದ್ಯಾರ್ಥಿ ಸಹಾಯ ಮಾಡಬೇಕು ಅಂತ ಬಂದರೆ ಮೊದಲು ಎದುರಾಗೋದು ಗೊಂದಲ. ಯಾರ ಕೈಗೆ ಕೊಡೋದು? ಮುಖ್ಯ ಶಿಕ್ಷಕರ ಕೈಗೋ, ಎಸ್‌ಡಿಎಂಸಿಗೋ, ಪಂಚಾಯ್ತಿಗೋ?

ರಾಜ್ಯದಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದದ್ದು 2001ರಲ್ಲಿ, ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನ ನಂತರ. ಮುಂದೆ ಶಿಕ್ಷಣ ಹಕ್ಕು ಕಾಯ್ದೆಯೂ ಇಂಥ ಸಮಿತಿಯನ್ನು ಕಡ್ಡಾಯ ಮಾಡಿತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಪೋಷಕರೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಮುಂದೆ ಏನೇನು ಬೇಕು ಅನ್ನೋ ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ.

ತೊಡಕು ಇರುವುದು ಇಲ್ಲೇ. ಊರಿನಲ್ಲಿ ಸ್ವಲ್ಪ ಅನುಕೂಲ ಇರೋರ ಮಕ್ಕಳು ಸರ್ಕಾರಿ ಶಾಲೆ ಬಿಟ್ಟು ಹೋಗಿದ್ದಾರೆ. ಸಮಿತಿಯಲ್ಲಿ ಉಳಿದಿರುವವರಲ್ಲಿ ಹೆಚ್ಚಿನವರು ಕೂಲಿ, ಗಾರೆ ಕೆಲಸ, ಗಾರ್ಮೆಂಟ್ಸ್ ಅಂತ ದಿನದ ದುಡಿಮೆ ನಂಬಿದವರು. ಸಭೆಗೆ ಬಂದರೆ ಅವತ್ತಿನ ಸಂಬಳ ಹೋಯ್ತು. ಅತ್ತ, ಕಚೇರಿಗೆ ಫೋನು ಮಾಡಬಲ್ಲ, ಅರ್ಜಿ ಬರೆಯಬಲ್ಲ, ಎಂಜಿನಿಯರ್‌ನ ಕೇಳಬಲ್ಲ ಹಳೆ ವಿದ್ಯಾರ್ಥಿ ಸಮಿತಿಯ ಹೊರಗಿದ್ದಾನೆ. ಅಧಿಕಾರ ಒಬ್ಬರ ಕೈಯಲ್ಲಿ, ಸಂಪರ್ಕ ಇನ್ನೊಬ್ಬರ ಕೈಯಲ್ಲಿ. ಹಳೆ ವಿದ್ಯಾರ್ಥಿಗಳ ಸಂಘ ಮಾಡಬೇಕಾದ ಮುಖ್ಯ ಕೆಲಸ ಎಸ್‌ಡಿಎಂಸಿಯನ್ನು ಪಕ್ಕಕ್ಕೆ ಸರಿಸುವುದಲ್ಲ, ಅದರ ಪಕ್ಕ ನಿಲ್ಲುವುದು.

ಅದಕ್ಕೆ ದಾರಿಗಳು ಇವೆ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ನೋಂದಾಯಿಸಬಹುದು. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಲೆಕ್ಕಪತ್ರ ಇದ್ದರೆ ಅನುಮಾನಕ್ಕೆ ಜಾಗ ಇರುವುದಿಲ್ಲ. ಸರ್ಕಾರಿ ಶಾಲೆಗೆ ಹಳೆ ವಿದ್ಯಾರ್ಥಿಗಳು, ದಾನಿಗಳು, ಕಂಪನಿಗಳನ್ನು ಜೋಡಿಸಲು ಶಿಕ್ಷಣ ಇಲಾಖೆಯೇ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಕಾರ್ಯಕ್ರಮ ತಂದಿದೆ. ಕೇಂದ್ರ ಸರ್ಕಾರದ ‘ವಿದ್ಯಾಂಜಲಿ’ ಪೋರ್ಟಲ್ 2021ರಿಂದ ಇದೆ. ಅದರಲ್ಲಿ ಶಾಲೆ ತನಗೆ ಬೇಕಾದ್ದನ್ನು ಹಾಕಬಹುದು, ಕೊಡುವವರು ನೋಡಿ ಮುಂದೆ ಬರಬಹುದು. ಬರೀ ವಸ್ತು ಮಾತ್ರವಲ್ಲ, ಪಾಠ ಹೇಳಿಕೊಡುವ ಸಮಯವನ್ನೂ ಅಲ್ಲಿ ಕೊಡುಗೆಯಾಗಿ ನೀಡಬಹುದು. ಪ್ರತಿ ಶಾಲೆಗೂ ಯುಡೈಸ್ ಸಂಖ್ಯೆ ಇದೆ. ಅದನ್ನು ಹಾಕಿ ಹುಡುಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯ ಇದೆಯಾ ಇಲ್ಲವಾ ಅನ್ನೋದು ಮೊಬೈಲಿನಲ್ಲೇ ಸಿಗುತ್ತದೆ.

ಅಂಗಡಿಯವರಿಗೆ ಒಂದು ಮಾತು. 80ಜಿ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ, ಆದರೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇದು ಅನ್ವಯಿಸುವುದಿಲ್ಲ. ರಸೀತಿ ಕೇಳಿ ಪಡೆಯೋದು ಅಪನಂಬಿಕೆ ಅಲ್ಲ, ಅದು ಒಳ್ಳೆ ಅಭ್ಯಾಸ.

ಪಕ್ಕದಲ್ಲೇ ಕಾರ್ಖಾನೆ, ಕೇಳೋರು ಯಾರು?

ನಂಜನಗೂಡು ತಾಲ್ಲೂಕಿಗೆ ಬೇರೆ ಎಷ್ಟೋ ತಾಲ್ಲೂಕುಗಳಿಗೆ ಇಲ್ಲದ ಅನುಕೂಲ ಇದೆ. ನೆಸ್ಲೆಯಂಥ ದೊಡ್ಡ ಕಂಪನಿ ಸೇರಿ ಹಲವು ಕಾರ್ಖಾನೆಗಳು ಇಲ್ಲೇ ಇವೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಸರಾಸರಿ 5 ಕೋಟಿ ಲಾಭ ಅಂದರೆ ವರ್ಷಕ್ಕೆ 10 ಲಕ್ಷ. ಕಂಪನಿ ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಶಿಕ್ಷಣ ಆ ಖರ್ಚಿನ ಪಟ್ಟಿಯಲ್ಲಿದೆ.

ಆದರೆ ಕಂಪನಿಯವರು ತಾವಾಗಿ ಹಳ್ಳಿ ಶಾಲೆ ಹುಡುಕಿಕೊಂಡು ಬರುವುದು ಕಡಿಮೆ. ಎಷ್ಟು ಕೊಠಡಿ, ಎಷ್ಟು ಖರ್ಚು, ಯಾರ ಅನುಮತಿ, ಮುಂದೆ ನೋಡಿಕೊಳ್ಳೋರು ಯಾರು ಅನ್ನೋದನ್ನ ಬರೆದು ಕೊಡುವವರು ಬೇಕು. ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿಗಿಂತ ಚೆನ್ನಾಗಿ ಈ ಕೆಲಸ ಇನ್ಯಾರಿಂದ ಆಗುತ್ತದೆ? ತಿ.ನರಸೀಪುರ ಕಡೆ ಅಷ್ಟು ಕಾರ್ಖಾನೆ ಇಲ್ಲ. ಅಲ್ಲಿನವರಿಗೆ ಊರಾಚೆ ಇರುವ ಹಳೆ ವಿದ್ಯಾರ್ಥಿಗಳೇ ಕಂಪನಿ, ಅವರೇ ದಾನಿ.

ದೊಡ್ಡ ಸಂಸ್ಥೆ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದು ಮಕ್ಕಳ ತಟ್ಟೆಯಲ್ಲೇ ಕಾಣುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ 2024ರಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಅದು ಉದ್ಘಾಟನೆಗೆ ಮುಗಿಯುವ ಕೊಡುಗೆ ಅಲ್ಲ, ದಿನಾ ನಡೆಯುವ ಕೊಡುಗೆ. ಅದರ ಬೆಲೆ ಇರುವುದು ಅಲ್ಲೇ.

ಮಾಡಿ ತೋರಿಸಿದವರು

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಸರ್ಕಾರಿ ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಊರಿನ ಯುವಕರ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ಅದನ್ನು ದತ್ತು ತೆಗೆದುಕೊಂಡಿತು. ಬರೀ ಬಣ್ಣ ಹೊಡೆಯಲಿಲ್ಲ. ಎಲ್‌ಕೆಜಿ, ಯುಕೆಜಿ ಶುರು ಮಾಡಿದರು, ಇಂಗ್ಲಿಷ್ ಕಲಿಸುವ ವ್ಯವಸ್ಥೆ ಮಾಡಿದರು, ಬಸ್ಸು ಬಿಟ್ಟರು, ಹೊಸ ಕಟ್ಟಡ ಕಟ್ಟಿದರು. ಕೆಲವೇ ವರ್ಷದಲ್ಲಿ ಬೆರಳೆಣಿಕೆಯ ಮಕ್ಕಳ ಶಾಲೆ ನೂರಾರು ಮಕ್ಕಳ ಶಾಲೆ ಆಯಿತು. ಅವರು ಗಮನಿಸಿದ್ದು ಒಂದೇ: ಪೋಷಕರು ಖಾಸಗಿ ಶಾಲೆಗೆ ಹೋಗುವ ಕಾರಣಗಳನ್ನ ಒಂದೊಂದಾಗಿ ಇಲ್ಲೇ ಕೊಟ್ಟುಬಿಡಬೇಕು.

ಅದೇ ಜಿಲ್ಲೆಯ ಹರೇಕಳ ಹಾಜಬ್ಬ ಅವರ ಕಥೆ ಈಗ ದೇಶಕ್ಕೇ ಗೊತ್ತು. ತಾವು ಶಾಲೆಗೆ ಹೋಗದಿದ್ದರೂ ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ದುಡ್ಡಿನಲ್ಲಿ ಊರಿಗೊಂದು ಶಾಲೆ ಬರೋ ಹಾಗೆ ಮಾಡಿದರು, ಪದ್ಮಶ್ರೀ ಪಡೆದರು. ಶಾಲೆಗೆ ಕೊಡೋಕೆ ಅಲ್ಲಿ ಓದಿರಲೇಬೇಕು ಅಂತೇನಿಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ. 2018ರಲ್ಲಿ ಬಂದು ರಾಷ್ಟ್ರಪ್ರಶಸ್ತಿ ಪಡೆದ ರಿಷಬ್ ಶೆಟ್ಟಿ ಸಿನಿಮಾದ ಹೆಸರೇ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಗಡಿಯಾಚೆಯ ಕನ್ನಡ ಶಾಲೆ ಉಳಿಸೋ ಕಥೆ ಅದು. ಆ ಸಿನಿಮಾ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ತಮ್ಮೂರಿನ ಶಾಲೆಯ ಬೋರ್ಡು ತಿರುಗಿ ನೋಡಿದರು ಅನ್ನೋದು ಬೇರೆ ಮಾತು.

ನಂಜನಗೂಡು ತಾಲ್ಲೂಕಿನವರಿಗೆ ದಕ್ಷಿಣ ಕನ್ನಡದವರೆಗೂ ಹೋಗಬೇಕಿಲ್ಲ, ಕಪಿಲಾ ದಡದ ಸುತ್ತೂರು ಇದೆ. 1954ರಲ್ಲಿ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ ಕಟ್ಟಿದ ಜೆಎಸ್‌ಎಸ್ ಮಹಾವಿದ್ಯಾಪೀಠದ ಉಚಿತ ವಸತಿ ಶಾಲೆಯಲ್ಲಿ ಊಟ, ವಸತಿ, ಪಾಠ ಮೂರೂ ಪುಕ್ಕಟೆ. ಅಲ್ಲಿ ಓದಿದವರಿಗೆ ವರ್ಷಕ್ಕೊಮ್ಮೆ ಜಾತ್ರೆ ಇದೆ, ಮಠ ಇದೆ, ಬಂದು ಹೋಗೋಕೆ ನೆಪ ಇದೆ. ಸರ್ಕಾರಿ ಶಾಲೆಯ ಹಳೆ ವಿದ್ಯಾರ್ಥಿಗೆ ಅಂಥ ಮನೆ ಇಲ್ಲ. ಬ್ಯಾಚು ಬ್ಯಾಚಿಗೆ ಬೇರೆ ಗುಂಪು, ಒಂದು ಬ್ಯಾಚಿನ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲ. ಹಾಗಾಗಿ ಒಂದೇ ಶಾಲೆಗೆ ಮೂರು ಬ್ಯಾಚಿನವರು ಮೂರು ಗಡಿಯಾರ ಕೊಡ್ತಾರೆ, ಕುಡಿಯೋ ನೀರಿನ ಫಿಲ್ಟರು ಯಾರೂ ಕೊಡಲ್ಲ.

ಆಹ್ವಾನ ಪತ್ರಿಕೆಯಲ್ಲಿ ಇಲ್ಲದ ಹೆಸರುಗಳು

ಹಳೆ ವಿದ್ಯಾರ್ಥಿ ಅಂದರೆ ಯಾರು? ಈ ಪ್ರಶ್ನೆ ಕೇಳಿಕೊಂಡರೆ ಇನ್ನೂ ಕೆಲವು ಸಂಗತಿ ಕಾಣುತ್ತವೆ.

ಬ್ಯಾಚಿನ ಗುಂಪಿನಲ್ಲಿ ಗಂಡಸರೇ ಹೆಚ್ಚು. ಅದೇ ತರಗತಿಯಲ್ಲಿ ಓದಿದ ಹೆಣ್ಣುಮಕ್ಕಳು ಎಲ್ಲಿ? ಹತ್ತನೇ ತರಗತಿ ಆಗ್ತಿದ್ದ ಹಾಗೇ ಮದುವೆಯಾಗಿ ಬೇರೆ ಊರು ಸೇರಿದರು, ಹೆಸರಿನ ಮುಂದಿನ ಇನಿಷಿಯಲ್ ಬದಲಾಯ್ತು, ನಂಬರು ಯಾರ ಹತ್ತಿರವೂ ಇಲ್ಲ. ಅದೇ ಊರಿಗೆ ಸೊಸೆಯಾಗಿ ಬಂದು ಈಗ ಎಸ್‌ಡಿಎಂಸಿಯಲ್ಲಿ ಕೂರುವ ತಾಯಿ ಮತ್ತೊಂದು ಊರಿನ ಶಾಲೆಯ ಹಳೆ ವಿದ್ಯಾರ್ಥಿನಿ. ಇವರನ್ನೆಲ್ಲ ಹುಡುಕಿ ಕರೆಯುವ ಕೆಲಸ ಯಾರಾದರೂ ಮಾಡಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗೆ ಎಷ್ಟೋ ಸಲ ಕರೆ ಹೋಗುವುದಿಲ್ಲ, ಹೋದರೂ ಅವರು ಬರೋಕೆ ಹಿಂಜರಿಯುತ್ತಾರೆ. ಏಳನೇ ತರಗತಿಗೇ ಬಿಟ್ಟು ದನ ಕಾಯೋಕೆ, ಕೂಲಿಗೆ ಹೋದವರ ಹೆಸರು ದಾಖಲಾತಿ ಪುಸ್ತಕದಲ್ಲಿ ಇದ್ದೇ ಇದೆ. ಊರಲ್ಲೇ ಇದ್ದು, ದಿನಾ ಆ ಶಾಲೆ ಮುಂದೆ ಓಡಾಡೋರು ಅವರೇ. ರಾತ್ರಿ ಹೊತ್ತು ಕಾಂಪೌಂಡ್ ಒಳಗೆ ಕೂತು ಕುಡಿಯೋರನ್ನ ಎಬ್ಬಿಸಿ ಕಳಿಸೋಕೆ, ಒಡೆದ ಪೈಪು ನೋಡಿ ಹೇಳೋಕೆ ಬೆಂಗಳೂರಿನಲ್ಲಿರುವ ಎಂಜಿನಿಯರಿಂದ ಆಗಲ್ಲ. ಅವರನ್ನ ಬಿಟ್ಟು ಮಾಡಿದ ಹಳೆ ವಿದ್ಯಾರ್ಥಿ ಸಂಘ ಅರ್ಧ ಸಂಘ.

ಇನ್ನೊಂದು ಎಚ್ಚರ. ಶಾಲೆಯಲ್ಲಿ ಎಲ್ಲಾ ಬೀದಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಹಳೆ ವಿದ್ಯಾರ್ಥಿಗಳ ಸಂಘವೂ ಹಾಗೇ ಇರಬೇಕು. ಒಂದು ಬೀದಿಯವರ, ಒಂದು ಪಕ್ಷದವರ ಸಂಘ ಆದರೆ ಇನ್ನೊಂದು ಬೀದಿಯವರು ದೂರ ಸರಿಯುತ್ತಾರೆ. ಚುನಾವಣೆ ಹತ್ತಿರ ಬಂದಾಗ ಮಾತ್ರ ಶಾಲೆ ಮೇಲೆ ಪ್ರೀತಿ ಉಕ್ಕಿ ಫ್ಲೆಕ್ಸಿನಲ್ಲಿ ಮುಖ ಬರೋದನ್ನ ಜನ ಗಮನಿಸುತ್ತಲೇ ಇದ್ದಾರೆ.

ದುಡ್ಡಿಗಿಂತ ದೊಡ್ಡದು ಸಂಜೆಯ ಎರಡು ಗಂಟೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದದ್ದು 2024ರಲ್ಲಿ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಅಲ್ಲಿಯವರೆಗೆ ಪಾಸಾಗುತ್ತಿದ್ದವರಲ್ಲಿ ಕೆಲವರಿಗೆ ಓದು ಬರೆಹವೇ ಗಟ್ಟಿ ಇರಲಿಲ್ಲ ಅನ್ನೋದನ್ನ ಈ ಅಂಕಿ ತೋರಿಸಿತು. ಈಗ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಮೊದಲ ಪರೀಕ್ಷೆಯಲ್ಲಿ ಫೇಲಾದ ಹುಡುಗ ಅಥವಾ ಹುಡುಗಿ ಎರಡನೆಯದಕ್ಕೆ ಕಟ್ಟಬೇಕಾದರೆ, ಆ ಕೆಲವು ವಾರ ಯಾರಾದರೂ ಕೂರಿಸಿ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡಬೇಕು. ಮನೆಯಲ್ಲಿ ಹೇಳಿಕೊಡೋರಿಲ್ಲ, ಟ್ಯೂಷನ್‌ಗೆ ದುಡ್ಡಿಲ್ಲ. ಇಲ್ಲಿ ಕೈಬಿಟ್ಟರೆ ಹುಡುಗ ಗಾರೆ ಕೆಲಸಕ್ಕೆ ಹೋಗ್ತಾನೆ, ಹುಡುಗಿಗೆ ಗಂಡು ನೋಡೋಕೆ ಶುರು ಮಾಡ್ತಾರೆ.

ಊರಲ್ಲೇ ಇರುವ, ಡಿಗ್ರಿ, ಬಿ.ಇಡಿ ಮುಗಿಸಿದ ಹಳೆ ವಿದ್ಯಾರ್ಥಿಗಳು ಇದ್ದಾರೆ. ಅವರಿಗೆ ಸಣ್ಣ ಗೌರವಧನ ಕೊಟ್ಟು ಸಂಜೆ ಎರಡು ಗಂಟೆ ಪಾಠ ನಡೆಸುವುದು ಒಂದು ಬ್ಯಾಚಿಗೆ ಭಾರವಲ್ಲ. ಫೇಲಾಗಿ ಮತ್ತೆ ಕಟ್ಟಿ ಪಾಸಾದ ಹಳೆ ವಿದ್ಯಾರ್ಥಿ ಬಂದು ಹತ್ತು ನಿಮಿಷ ಮಾತಾಡಿದರೂ ಸಾಕು, ಮಕ್ಕಳಿಗೆ ಅದು ನೇರ ತಾಗುತ್ತದೆ.

ಇಲ್ಲೂ ಒಂದು ಎಚ್ಚರ ಬೇಕು. ದಾನಿಗಳ ದುಡ್ಡಿನಲ್ಲಿ ಎಲ್‌ಕೆಜಿ ಶುರು ಮಾಡಿ, ಎರಡನೇ ವರ್ಷ ಶಿಕ್ಷಕಿಯ ಸಂಬಳಕ್ಕೆ ದುಡ್ಡಿಲ್ಲ ಅಂತ ನಿಲ್ಲಿಸಿದರೆ ಶಾಲೆಯ ಹೆಸರು ಮೊದಲಿಗಿಂತ ಹೆಚ್ಚು ಕೆಡುತ್ತದೆ. ಕನಿಷ್ಠ ಮೂರು ವರ್ಷ ನಡೆಸುವ ದುಡ್ಡು ಕೈಯಲ್ಲಿದ್ದರೆ ಮಾತ್ರ ಅಂಥ ಕೆಲಸಕ್ಕೆ ಕೈಹಾಕಬೇಕು. ಮೇಷ್ಟ್ರನ್ನ ಕೊಡುವುದು, ಕೊಠಡಿ ಕಟ್ಟುವುದು ಸರ್ಕಾರದ ಜವಾಬ್ದಾರಿ ಅನ್ನೋದನ್ನೂ ಬಿಡಬಾರದು. ದಾನಿಗಳು ಇದ್ದಾರಲ್ಲ ಅಂತ ಇಲಾಖೆ ಕೈತೊಳೆದುಕೊಂಡರೆ ದಾನ ಕೊಟ್ಟಿದ್ದೇ ತಪ್ಪಾಗುತ್ತದೆ. ಹಳೆ ವಿದ್ಯಾರ್ಥಿಗಳು ಒಂದು ಕೈಯಲ್ಲಿ ಕೊಡಬೇಕು, ಇನ್ನೊಂದು ಕೈಯಲ್ಲಿ ಬಿಇಒ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು.

ಅಂಗಡಿ ಬೀದಿಗೂ ಇದರ ಲೆಕ್ಕ ಇದೆ

ಶಾಲೆ ಉಳಿಯೋದು ಬರೀ ಭಾವನೆಯ ಪ್ರಶ್ನೆ ಅಂತ ವ್ಯಾಪಾರಸ್ಥರು ಅಂದುಕೊಳ್ಳಬೇಕಿಲ್ಲ. ಮಗು ಊರಿನ ಶಾಲೆಗೆ ಹೋದರೆ ನೋಟ್‌ಬುಕ್ಕು, ಬ್ಯಾಗು, ಚಪ್ಪಲಿ, ಯೂನಿಫಾರಂ ಹೊಲಿಗೆ, ಬೇಕರಿ ತಿಂಡಿ ಎಲ್ಲವೂ ಊರಿನ ಅಂಗಡಿಯಲ್ಲೇ. ಮಗು ಮೈಸೂರಿನ ಶಾಲೆಗೆ ಹೋದರೆ ಪುಸ್ತಕ, ಯೂನಿಫಾರಂ ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕು. ನಂಜನಗೂಡಿನಿಂದ ಮೈಸೂರಿಗೆ ಅರ್ಧ ಮುಕ್ಕಾಲು ಗಂಟೆಯ ದಾರಿ, ತಿ.ನರಸೀಪುರದಿಂದ ಇನ್ನೂ ಸ್ವಲ್ಪ ಹೆಚ್ಚು. ಮಗುವಿನ ಜೊತೆ ಸಂಸಾರವೇ ಅಲ್ಲಿ ಬಾಡಿಗೆ ಮನೆ ಹಿಡಿದರೆ ತಿಂಗಳ ದಿನಸಿಯೂ ಹೋಯ್ತು. ಶುಲ್ಕಕ್ಕೆ ಅಂತ ವರ್ಷಕ್ಕೆ ಹತ್ತಾರು ಸಾವಿರ ಕಟ್ಟುವ ಮನೆಯವರು ಅಂಗಡಿಯ ಸಾಲ ತೀರಿಸೋದು ತಡ ಮಾಡ್ತಾರೆ ಅನ್ನೋದು ಲೆಕ್ಕದ ಪುಸ್ತಕ ಇಟ್ಟ ಯಾವ ಅಂಗಡಿಯವರಿಗೂ ಗೊತ್ತಿರೋ ಮಾತು.

ಶಾಲೆ ಇಡೀ ಊರಿನ ಆಸ್ತಿ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದ ದಿನಗಳನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಗಂಜಿ ಕೇಂದ್ರಕ್ಕೆ ಹುಡುಕುವುದು ಶಾಲೆಯನ್ನೇ. ಮತಗಟ್ಟೆ ಅಲ್ಲೇ, ಲಸಿಕೆ ಶಿಬಿರ ಅಲ್ಲೇ. ಸಂಗಮದಲ್ಲಿ ಕುಂಭಮೇಳ ನಡೆದಾಗ, ದೊಡ್ಡ ಜಾತ್ರೆಯ ತೇರು ಎಳೆದಾಗ ಕೇಳದೆಯೇ ಕೈಲಾದ್ದು ಕೊಡುವ ಜನ ಈ ಸೀಮೆಯವರು. ಕೊಡುವ ಗುಣ ಇಲ್ಲಿ ಇಲ್ಲ ಅನ್ನೋ ಹಾಗೇ ಇಲ್ಲ. ಶಾಲೆಯೂ ಆ ಪಟ್ಟಿಯಲ್ಲಿ ಇರಬೇಕು ಅಷ್ಟೇ.

ಮುಂದಿನ ಗುರುವಂದನೆಗೆ ಮೊದಲು

ಹೊಸ ಯೋಜನೆ, ದೊಡ್ಡ ಭಾಷಣ ಏನೂ ಬೇಡ. ದಿನಾಂಕ ನಿಗದಿ ಮಾಡುವ ಮೊದಲು ಬ್ಯಾಚಿನ ಇಬ್ಬರು ಹೋಗಿ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಕೂರಿಸಿಕೊಂಡು ಮಾತಾಡಲಿ. ಶಾಲಾಭಿವೃದ್ಧಿ ಯೋಜನೆಯ ಪ್ರತಿ ಕೇಳಲಿ. ಈ ವರ್ಷ ಆಗಲೇಬೇಕಾದ ಮೂರು ಕೆಲಸ ಯಾವುದು ಅಂತ ಬರೆಸಿಕೊಳ್ಳಲಿ. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಕೆಳಗೆ ಆ ಮೂರು ಕೆಲಸವೂ ಅಚ್ಚಾಗಲಿ. ಊಟಕ್ಕೆ ಎಷ್ಟು ಖರ್ಚೋ ಅಷ್ಟೇ ಮೊತ್ತ ಶಾಲೆಗೂ ಅಂತ ಒಂದು ನಿಯಮ ಮಾಡಿಕೊಳ್ಳಲಿ. ಮುಂದಿನ ವರ್ಷ ಸೇರಿದಾಗ ಮೊದಲು ಲೆಕ್ಕ ಓದಲಿ, ಆಮೇಲೆ ಹಾರ ಹಾಕಲಿ.

ಮೇ ಕೊನೆಯಲ್ಲಿ ಶಾಲೆ ಬಾಗಿಲು ತೆರೆಯುವಾಗ ಮೇಷ್ಟ್ರು, ಟೀಚರುಗಳು ಕರಪತ್ರ ಹಿಡಿದು ದಾಖಲಾತಿಗೆ ಅಂತ ಮನೆ ಮನೆ ಬಾಗಿಲು ತಟ್ಟುತ್ತಾರೆ. ಅವರ ಜೊತೆ ಆ ದಿನ ಅದೇ ಊರಿನ ನಾಲ್ಕು ಜನ ಹಳೆ ವಿದ್ಯಾರ್ಥಿಗಳು ನಡೆದರೆ, ನಾವೂ ಇಲ್ಲೇ ಓದಿದ್ದು, ನಿಮ್ಮ ಮಗೂನ ಕಳಿಸಿ, ಏನು ಕಮ್ಮಿ ಆದರೂ ನೋಡಿಕೊಳ್ತೀವಿ ಅಂದರೆ, ಬಾಗಿಲಲ್ಲಿ ನಿಂತ ತಾಯಿ ಒಂದು ಕ್ಷಣ ಯೋಚನೆ ಮಾಡ್ತಾಳೆ. ಎಂಬತ್ತು ದಾಟಿದ ಆ ಮೇಷ್ಟ್ರಿಗೆ ತಮ್ಮ ಶಾಲೆಗೆ ಈ ವರ್ಷ ಹತ್ತು ಮಕ್ಕಳು ಜಾಸ್ತಿ ಸೇರಿದರಂತೆ ಅನ್ನೋ ಸುದ್ದಿ ತಲುಪಿದರೆ, ಪೇಟ ತೊಡಿಸಿದ ದಿನಕ್ಕಿಂತ ಹೆಚ್ಚು ಖುಷಿಯಾಗುತ್ತದೆ.